ಬೀಗ ಹಾಕಿದ್ದ ಬಾಗಿಲು ಯಾರಿಗೂ ಕಾಣಲಿಲ್ಲವೇ?

ಪ್ರಶ್ನೆ: ನಾನು ಬಿ.ಎ. ಅಂತಿಮ ವರ್ಷದಲ್ಲಿ ಇತಿಹಾಸ ಓದುತ್ತಿದ್ದೇನೆ. ಅಮೆರಿಕದ ಕೈಗಾರಿಕೀಕರಣದ ಪಾಠದಲ್ಲಿ, 1911ರಲ್ಲಿ ನ್ಯೂಯಾರ್ಕ್‌ನ ಬಟ್ಟೆ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು 146 ಮಂದಿ ಸತ್ತರು, ಆಮೇಲೆ ಕಾರ್ಮಿಕರ ರಕ್ಷಣೆಗೆ ಕಾನೂನುಗಳು ಬಂದವು ಎಂದು ಎರಡು ಸಾಲಿದೆ. ನಮ್ಮ ತಾಯಿ ಹದಿನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಇದನ್ನು ಅವರಿಗೆ ಓದಿ ಹೇಳಿದೆ. 'ಅಷ್ಟು ಜನ ಸಾಯುವವರೆಗೂ ಯಾರಿಗೂ ಕಾಣಲಿಲ್ಲವೇ?' ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ದುರಂತ ನಡೆಯದಿದ್ದರೆ ಸುಧಾರಣೆ ಬರುತ್ತಲೇ ಇರಲಿಲ್ಲವೇ? ಅದನ್ನು ತಂದವರು ಯಾರು, ಕಾರ್ಮಿಕರೋ ಅಥವಾ ಓದಿದ ಅನುಕೂಲಸ್ಥರೋ?

ಉತ್ತರ: ನಿಮ್ಮ ತಾಯಿಯವರು ಕೇಳಿದ ಪ್ರಶ್ನೆಯನ್ನು ನಿಮ್ಮ ಪಠ್ಯಪುಸ್ತಕ ಬರೆದವರು ಕೇಳಿಕೊಂಡಿದ್ದರೆ ಆ ಎರಡು ಸಾಲು ಹಾಗಿರುತ್ತಿರಲಿಲ್ಲ. ನೇರವಾಗಿ ಹೇಳುತ್ತೇನೆ: ಕಂಡಿತ್ತು. ಆ ಕಟ್ಟಡದಲ್ಲಿ ಹೊಲಿಯುತ್ತಿದ್ದ ಹುಡುಗಿಯರಿಗೆ ಕಂಡಿತ್ತು, ಅವರು ಬೀದಿಗಿಳಿದು ಕೇಳಿದ್ದರು. ನಗರದ ಅಗ್ನಿಶಾಮಕ ದಳದ ಮುಖ್ಯಸ್ಥರಿಗೆ ಕಂಡಿತ್ತು, ಅವರು ಎಚ್ಚರಿಕೆ ಕೊಟ್ಟಿದ್ದರು. ಸುಮಾರು ಇಪ್ಪತ್ತು ವರ್ಷ ಮೊದಲೇ ಷಿಕಾಗೊದಲ್ಲಿ ಒಬ್ಬ ಮಹಿಳೆ ಕತ್ತಲೆಯ ಮಹಡಿಗಳನ್ನು ಹತ್ತಿಳಿದು, ಯಾರು ಎಷ್ಟು ಹೊತ್ತು ದುಡಿಯುತ್ತಾರೆ, ಯಾವ ಮಗುವಿನ ವಯಸ್ಸೆಷ್ಟು ಎಂದು ಬರೆದಿಟ್ಟಿದ್ದರು. ಕಾಣದೆ ಉಳಿದಿದ್ದದ್ದು ಶಾಸನಸಭೆಯಲ್ಲಿ ಕೈ ಎತ್ತುವ ಹಕ್ಕಿದ್ದವರಿಗೆ. ಬೆಂಕಿ ಅವರ ಮುಖವನ್ನು ಆ ಕಡೆಗೆ ತಿರುಗಿಸಿತು. ತಿರುಗಿದವರಿಗೆ ಏನನ್ನು ತೋರಿಸಬೇಕು, ಕಾನೂನಿನಲ್ಲಿ ಏನು ಬರೆಯಬೇಕು ಎಂಬುದನ್ನು ಮಾತ್ರ ಬೆಂಕಿ ಹೇಳಿಕೊಡಲಿಲ್ಲ. ಅದನ್ನು ಬಲ್ಲವರು ಮೊದಲೇ ಇದ್ದರು, ಅವರು ವರ್ಷಗಟ್ಟಲೆ ಸೋತು ಸೋತು ಕಲಿತಿದ್ದರು.

ಮೊದಲು ಆ ಮಧ್ಯಾಹ್ನದ ಕಥೆ ಹೇಳುತ್ತೇನೆ. ನಿಮ್ಮ ತಾಯಿಯವರಿಗೆ ಅದರ ಒಂದೊಂದು ವಿವರವೂ ಅರ್ಥವಾಗುತ್ತದೆ.

ಟ್ರಯಾಂಗಲ್ ಷರ್ಟ್‌ವೇಸ್ಟ್ ಕಂಪನಿ ಇದ್ದದ್ದು ನ್ಯೂಯಾರ್ಕ್‌ನ ವಾಷಿಂಗ್ಟನ್ ಪ್ಲೇಸ್ ಮತ್ತು ಗ್ರೀನ್ ರಸ್ತೆ ಸೇರುವ ಮೂಲೆಯಲ್ಲಿ, ಆಶ್ ಬಿಲ್ಡಿಂಗ್ ಎಂಬ ಹತ್ತು ಮಹಡಿಯ ಕಟ್ಟಡದ ಮೇಲಿನ ಮೂರು ಮಹಡಿಗಳಲ್ಲಿ. ಷರ್ಟ್‌ವೇಸ್ಟ್ ಎಂದರೆ ಗುಂಡಿ ಹಚ್ಚಿದ, ಉದ್ದ ತೋಳಿನ, ಹೆಂಗಸರ ಮೇಲಂಗಿ. ಆ ಕಾಲದ ಅಂಗಡಿ ಹುಡುಗಿಯಿಂದ ಹಿಡಿದು ಶಿಕ್ಷಕಿಯವರೆಗೆ ಎಲ್ಲರೂ ತೊಡುತ್ತಿದ್ದ ಉಡುಪು. ಎಂಟನೆಯ ಮಹಡಿಯಲ್ಲಿ ಕಟಿಂಗ್ ಟೇಬಲ್‌ಗಳು. ತೆಳುವಾದ ಹತ್ತಿ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಕತ್ತರಿಸುವುದು, ಉಳಿದ ಚಿಂದಿಯನ್ನು ಟೇಬಲ್ಲಿನ ಕೆಳಗಿನ ತೊಟ್ಟಿಗೆ ತಳ್ಳುವುದು. ಆ ಚಿಂದಿಯನ್ನು ಕೊಳ್ಳುವವನು ಬಂದು ತೊಟ್ಟಿ ಖಾಲಿ ಮಾಡಿ ಎರಡು ತಿಂಗಳಾಗಿತ್ತು. ತಲೆಯ ಮೇಲೆ ತಂತಿ ಕಟ್ಟಿ ಕಾಗದದ ಪ್ಯಾಟರ್ನ್‌ಗಳನ್ನು ನೇತುಹಾಕಿದ್ದರು. ಒಂಬತ್ತನೆಯ ಮಹಡಿಯಲ್ಲಿ ಉದ್ದುದ್ದ ಮೇಜುಗಳ ಮೇಲೆ 240 ಹೊಲಿಗೆ ಯಂತ್ರಗಳು. ಹತ್ತನೆಯದರಲ್ಲಿ ಕಚೇರಿ, ಇಸ್ತ್ರಿ, ಪ್ಯಾಕಿಂಗ್.

1911ರ ಮಾರ್ಚ್ 25, ಶನಿವಾರ. ಕೆಲಸ ಬಿಡುವ ಗಂಟೆ ಬಾರಿಸಬೇಕು ಎನ್ನುವ ಹೊತ್ತಿಗೆ, ಸಂಜೆ ಸುಮಾರು 4.40ಕ್ಕೆ, ಎಂಟನೆಯ ಮಹಡಿಯ ಚಿಂದಿ ತೊಟ್ಟಿಗೆ ಬೆಂಕಿ ತಗಲಿತು. ಬಕೆಟ್‌ನಲ್ಲಿ ನೀರು ಸುರಿದರು, ಆರಲಿಲ್ಲ. ಕೊಳವೆ ಎಳೆದರು, ನೀರು ಬರಲಿಲ್ಲ. ಎಂಟನೆಯ ಮಹಡಿಯಿಂದ ಹತ್ತನೆಯ ಮಹಡಿಯ ಕಚೇರಿಗೆ ಫೋನ್ ಹೋಯಿತು. ಅಲ್ಲಿದ್ದ ಮಾಲೀಕರಾದ ಮ್ಯಾಕ್ಸ್ ಬ್ಲ್ಯಾಂಕ್ ಮತ್ತು ಐಸಾಕ್ ಹ್ಯಾರಿಸ್ ತಾರಸಿ ಹತ್ತಿ ಪಕ್ಕದ ಕಟ್ಟಡಕ್ಕೆ ದಾಟಿ ಬದುಕಿಕೊಂಡರು. ನಡುವಿನ ಒಂಬತ್ತನೆಯ ಮಹಡಿಗೆ ಯಾರೂ ಹೇಳಲಿಲ್ಲ. ಅಲ್ಲಿದ್ದವರಿಗೆ ಸುದ್ದಿ ಮುಟ್ಟಿಸಿದ್ದು ಬೆಂಕಿಯೇ.

ಒಂಬತ್ತನೆಯ ಮಹಡಿಯಿಂದ ಇಳಿಯಲು ಎರಡು ಮೆಟ್ಟಿಲುಸಾಲು. ಗ್ರೀನ್ ರಸ್ತೆಯ ಕಡೆಯದು ಕೆಲವೇ ನಿಮಿಷಗಳಲ್ಲಿ ಉರಿಯ ಪಾಲಾಯಿತು. ವಾಷಿಂಗ್ಟನ್ ಪ್ಲೇಸ್ ಕಡೆಯ ಬಾಗಿಲಿಗೆ ಬೀಗ. ಕೆಲಸ ಬಿಡುವಾಗ ಎಲ್ಲರೂ ಒಂದೇ ಬಾಗಿಲಿನಿಂದ ಹೊರಡಬೇಕು, ಅಲ್ಲಿ ಕಾವಲುಗಾರ ಒಬ್ಬೊಬ್ಬಳ ಕೈಚೀಲವನ್ನೂ ತೆಗೆಸಿ ನೋಡಬೇಕು, ಯಾರೂ ತುಂಡು ಬಟ್ಟೆಯನ್ನೋ ಅಂಗಿಯನ್ನೋ ಒಯ್ಯಬಾರದು ಎಂಬುದಕ್ಕಾಗಿ ಆ ಬೀಗ. ಹಾಗಾದರೆ ಕಳುವಾಗುತ್ತಿದ್ದದ್ದು ಎಷ್ಟು? ಮುಂದೆ ವಿಚಾರಣೆಯಲ್ಲಿ ಸರ್ಕಾರಿ ವಕೀಲರು ಇದನ್ನೇ ಕೇಳಿದಾಗ, ಎಲ್ಲ ಸೇರಿ 25 ಡಾಲರ್ ಮೀರಲಾರದು ಎಂದು ಹ್ಯಾರಿಸ್ ಒಪ್ಪಿಕೊಂಡರು. ಎಷ್ಟು ವರ್ಷ ಈ ಪಾಠ ಮಾಡಿದರೂ ಆ ಅಂಕಿಯನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ ನನ್ನ ಕೈ ನಿಲ್ಲುತ್ತದೆ.

ಹಿಂಬದಿಯಲ್ಲಿ ಒಂದು ಕಬ್ಬಿಣದ ತುರ್ತು ಏಣಿ ಇತ್ತು. ಜನರ ಭಾರಕ್ಕೆ, ಬೆಂಕಿಯ ಕಾವಿಗೆ ಅದು ಬಾಗಿ ಕಳಚಿ ಬಿತ್ತು. ಜೋಸೆಫ್ ಝೀಟೊ ಮತ್ತು ಗ್ಯಾಸ್ಪರ್ ಮೊರ್ಟಿಲಾರೊ ಎಂಬ ಇಬ್ಬರು ಲಿಫ್ಟ್ ನಡೆಸುವವರು ಹೊಗೆಯೊಳಗೇ ಮತ್ತೆ ಮತ್ತೆ ಮೇಲೆ ಹೋಗಿ, ಹಿಡಿಸಿದಷ್ಟು ಜನರನ್ನು ತುಂಬಿಕೊಂಡು ಇಳಿಸಿದರು. ಆ ದಿನ ಬದುಕಿದವರಲ್ಲಿ ಬಹಳ ಮಂದಿ ಅವರಿಬ್ಬರಿಗೆ ಋಣಿಗಳು. ಅಗ್ನಿಶಾಮಕ ದಳದ ಏಣಿ ಆರನೆಯ ಮಹಡಿಯವರೆಗೆ ಮಾತ್ರ ಮುಟ್ಟಿತು. ಐವತ್ತಕ್ಕೂ ಹೆಚ್ಚು ಮಂದಿ ಕಿಟಕಿಗಳಿಂದ ರಸ್ತೆಗೆ ಹಾರಿದರು. ಅರ್ಧ ಗಂಟೆಯೊಳಗೆ ಎಲ್ಲ ಮುಗಿದಿತ್ತು. ಸತ್ತ 146 ಮಂದಿಯಲ್ಲಿ 123 ಹೆಂಗಸರು ಮತ್ತು ಹುಡುಗಿಯರು, 23 ಗಂಡಸರು. ಹೆಚ್ಚಿನವರು ಪೂರ್ವ ಯುರೋಪಿನಿಂದ ಬಂದ ಯಹೂದಿಗಳು ಮತ್ತು ಇಟಲಿಯವರು. ಎಲ್ಲರಿಗಿಂತ ಚಿಕ್ಕವರ ವಯಸ್ಸು ಹದಿನಾಲ್ಕು. ಕಟ್ಟಡಕ್ಕೆ ಮಾತ್ರ ಹೆಚ್ಚೇನೂ ಆಗಲಿಲ್ಲ. ಅದು ಬೆಂಕಿ ನಿರೋಧಕ ಕಟ್ಟಡವೆಂದೇ ಹೆಸರಾಗಿತ್ತು. ಇಂದಿಗೂ ಅದೇ ಮೂಲೆಯಲ್ಲಿ ವಿಶ್ವವಿದ್ಯಾಲಯವೊಂದರ ಭಾಗವಾಗಿ ನಿಂತಿದೆ.

ಈಗ ನಿಮ್ಮ ತಾಯಿಯವರ ಪ್ರಶ್ನೆಗೆ ಬರೋಣ. ಒಂದೂವರೆ ವರ್ಷ ಹಿಂದಕ್ಕೆ ಹೋಗಬೇಕು.

1909ರ ಸೆಪ್ಟೆಂಬರ್‌ನಲ್ಲಿ ಇದೇ ಟ್ರಯಾಂಗಲ್ ಕಾರ್ಖಾನೆಯ ಹುಡುಗಿಯರು ಮುಷ್ಕರ ಹೂಡಿದ್ದರು. ಬೇರೊಂದು ಕಾರ್ಖಾನೆಯಲ್ಲಿಯೂ ಮುಷ್ಕರ ನಡೆದಿತ್ತು. ಅಲ್ಲಿನ ಕ್ಲಾರಾ ಲೆಮ್ಲಿಕ್ ಎಂಬ ಯುವತಿಯನ್ನು ಬಾಡಿಗೆ ಗೂಂಡಾಗಳು ಪಕ್ಕೆಲುಬು ಮುರಿಯುವಂತೆ ಹೊಡೆದಿದ್ದರು. ಆ ವರ್ಷದ ನವೆಂಬರ್ 22ರಂದು ಕೂಪರ್ ಯೂನಿಯನ್ ಸಭಾಂಗಣದಲ್ಲಿ ದೊಡ್ಡ ಸಭೆ ಸೇರಿತು. ದೇಶದ ಅತಿ ದೊಡ್ಡ ಕಾರ್ಮಿಕ ಒಕ್ಕೂಟದ ಅಧ್ಯಕ್ಷ ಸ್ಯಾಮ್ಯುಯೆಲ್ ಗಾಂಪರ್ಸ್ ಸೇರಿದಂತೆ ಗಣ್ಯರು ಎರಡು ಗಂಟೆ ಮಾತನಾಡಿದರು. ಎಲ್ಲರದೂ ಎಚ್ಚರಿಕೆಯ ಮಾತು: ಆತುರ ಬೇಡ, ಯೋಚಿಸೋಣ. ಆಗ ಸಭೆಯ ನಡುವಿನಿಂದ ಇಪ್ಪತ್ಮೂರು ವರ್ಷದ ಕ್ಲಾರಾ ಎದ್ದು ವೇದಿಕೆ ಹತ್ತಿದಳು. ತನ್ನ ಮಾತೃಭಾಷೆ ಯಿಡ್ಡಿಷ್‌ನಲ್ಲಿ, ತಾನು ಈ ದುಡಿಮೆಯ ಕಷ್ಟವನ್ನು ಉಂಡವಳೆಂದೂ ಇನ್ನು ಮಾತು ಕೇಳುವ ತಾಳ್ಮೆ ತನಗಿಲ್ಲವೆಂದೂ ಹೇಳಿ, ಸಾರ್ವತ್ರಿಕ ಮುಷ್ಕರಕ್ಕೆ ಕರೆ ಕೊಡಬೇಕೆಂಬ ನಿರ್ಣಯ ಮಂಡಿಸಿದಳು. ಇಡೀ ಸಭೆ ಬಲಗೈ ಎತ್ತಿತು. ನಾನು ಮಾತಿಗೆ ತಪ್ಪಿದರೆ ಎತ್ತಿದ ಈ ಕೈ ಒಣಗಿ ಹೋಗಲಿ ಎಂಬುದು ಅವರು ತೆಗೆದುಕೊಂಡ ಪ್ರಮಾಣ. ಹೊಲಿದು ಬದುಕುವವರು ತಮ್ಮ ಕೈಯನ್ನೇ ಒತ್ತೆ ಇಟ್ಟರು.

ಚರಿತ್ರೆಯಲ್ಲಿ ಇದಕ್ಕೆ 'ಇಪ್ಪತ್ತು ಸಾವಿರದವರ ದಂಗೆ' ಎಂದು ಹೆಸರು. ಚಳಿಗಾಲವಿಡೀ ಕಾರ್ಖಾನೆಗಳೆದುರು ನಿಂತು ಪಿಕೆಟಿಂಗ್ ನಡೆಸಿದರು. ಏಳುನೂರಕ್ಕೂ ಹೆಚ್ಚು ಹುಡುಗಿಯರ ಬಂಧನವಾಯಿತು. ನ್ಯಾಯಾಧೀಶರೊಬ್ಬರು, ನೀವು ಮುಷ್ಕರ ಮಾಡುತ್ತಿರುವುದು ದೇವರ ವಿರುದ್ಧ ಎಂದು ಕಟಕಟೆಯಲ್ಲಿ ನಿಂತವಳಿಗೆ ಹೇಳಿದರು. 1910ರ ಫೆಬ್ರುವರಿಯ ಹೊತ್ತಿಗೆ ಮುನ್ನೂರಕ್ಕೂ ಹೆಚ್ಚು ಕಂಪನಿಗಳು ಸಂಘದೊಂದಿಗೆ ಒಪ್ಪಂದಕ್ಕೆ ಬಂದವು. ಒಪ್ಪದೆ ಉಳಿದದ್ದರಲ್ಲಿ ಟ್ರಯಾಂಗಲ್ ಒಂದು. ಅದರ ಹುಡುಗಿಯರು ಕೆಲಸಕ್ಕೆ ಮರಳಿದರು. ಅವರು ಕೇಳಿದ್ದ ಭದ್ರವಾದ ತುರ್ತು ಏಣಿ, ಬೀಗವಿಲ್ಲದ ಬಾಗಿಲು ಸಿಗಲಿಲ್ಲ.

ಈ ಒಂದು ಸಂಗತಿ ನಿಮ್ಮ ಪಠ್ಯದಲ್ಲಿ ಇಲ್ಲದಿರುವುದು ನನಗೆ ನೋವಿನ ವಿಷಯ. ಅದಿಲ್ಲದಿದ್ದರೆ ಆ ಹುಡುಗಿಯರು ಸುಮ್ಮನೆ ಸುಟ್ಟುಹೋದವರಾಗಿಬಿಡುತ್ತಾರೆ, ಯಾರೋ ದೊಡ್ಡವರು ಕನಿಕರಪಟ್ಟು ಕಾನೂನು ಕೊಟ್ಟಂತಾಗುತ್ತದೆ. ಯಾವ ಬಾಗಿಲು ತಮ್ಮನ್ನು ಕೊಲ್ಲಬಹುದೆಂದು ಅವರಿಗೆ ಗೊತ್ತಿತ್ತು. ಅದನ್ನು ತೆಗೆಯಿರಿ ಎಂದು ಹೊಟ್ಟೆಗಿಲ್ಲದೆ, ಮಂಜಿನಲ್ಲಿ ನಿಂತು, ಜೈಲಿಗೆ ಹೋಗಿ ಕೇಳಿದ್ದರು.

ದುರಂತ ನಡೆದರೆ ಸಾಕು, ಸುಧಾರಣೆ ತಾನಾಗಿ ಬರುತ್ತದೆ ಎಂಬ ಮಾತೂ ನಿಲ್ಲುವುದಿಲ್ಲ. 1910ರ ನವೆಂಬರ್ 26ರಂದು, ಅಂದರೆ ಟ್ರಯಾಂಗಲ್ ಬೆಂಕಿಗೆ ಸುಮಾರು ನಾಲ್ಕು ತಿಂಗಳ ಮೊದಲು, ನದಿಯಾಚೆಯ ನೆವಾರ್ಕ್ ನಗರದ ಕಾರ್ಖಾನೆ ಕಟ್ಟಡವೊಂದು ಹೊತ್ತಿ ಉರಿದು ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಮತ್ತು ಹುಡುಗಿಯರು ಸತ್ತರು. ಅಲ್ಲಿಯೂ ಕಿಟಕಿಯಿಂದ ಹಾರಿದರು. ಇಂಥದ್ದೇ ಬೆಂಕಿ ನ್ಯೂಯಾರ್ಕ್‌ನಲ್ಲಿ ಯಾವ ದಿನ ಬೇಕಾದರೂ ಆಗಬಹುದು ಎಂದು ಆ ನಗರದ ಅಗ್ನಿಶಾಮಕ ಮುಖ್ಯಸ್ಥ ಎಡ್ವರ್ಡ್ ಕ್ರೋಕರ್ ಎಚ್ಚರಿಸಿದರು. ಏನೂ ಆಗಲಿಲ್ಲ. ಇನ್ನೂ ಹಿಂದೆ, 1860ರಲ್ಲಿ, ಮ್ಯಾಸಚೂಸೆಟ್ಸ್‌ನ ಲಾರೆನ್ಸ್ ಊರಿನಲ್ಲಿ ಪೆಂಬರ್ಟನ್ ಹತ್ತಿ ಗಿರಣಿ ಕೆಲಸದ ಹೊತ್ತಿನಲ್ಲೇ ಕುಸಿದು ಬಿದ್ದು, ಅವಶೇಷಗಳಿಗೆ ಬೆಂಕಿ ಹತ್ತಿಕೊಂಡು ಬಹಳ ಜನ ಸತ್ತಿದ್ದರು. ಆ ರಾಜ್ಯಕ್ಕೆ ಕಾರ್ಖಾನೆ ತಪಾಸಣೆಯ ಕಾನೂನು ಬಂದದ್ದು 1877ರಲ್ಲಿ. ಹದಿನೇಳು ವರ್ಷ! ಹೀಗಿರುವಾಗ 1911ರಲ್ಲಿ ಮಾತ್ರ ಯಾಕೆ ಬೇರೆ ಆಯಿತು ಎಂಬುದೇ ಕೇಳಬೇಕಾದ ಪ್ರಶ್ನೆ. ಅದಕ್ಕೆ ಷಿಕಾಗೊಗೆ ಹೋಗಬೇಕು.

1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಇಬ್ಬರು ಗೆಳತಿಯರು ಷಿಕಾಗೊದ ಹಾಲ್‌ಸ್ಟೆಡ್ ರಸ್ತೆಯಲ್ಲಿ, ವಲಸಿಗರ ಬಡ ಕೇರಿಯ ನಡುವೆ, ಹಳೆಯ ಬಂಗಲೆಯೊಂದನ್ನು ಹಿಡಿದು ವಾಸಕ್ಕೆ ಬಂದರು. ಅದೇ ಹಲ್ ಹೌಸ್. ಇಬ್ಬರೂ ಓದಿದವರು, ಅನುಕೂಲಸ್ಥರು. ಮೊದಲಿಗೆ ಅವರು ಬಂದದ್ದು ಕಲೆ, ಓದು, ಸ್ನೇಹ ಹಂಚಿಕೊಳ್ಳುವ ಸದ್ಭಾವದಿಂದ. ಕ್ರಿಸ್‌ಮಸ್ ಬಂತು. ಮಕ್ಕಳಿಗೆ ಮಿಠಾಯಿ ಹಂಚಲು ಹೋದರು. ಕೆಲವು ಪುಟ್ಟ ಹುಡುಗಿಯರು ಬೇಡವೆಂದರು. ಯಾಕಮ್ಮ ಎಂದರೆ, ತಾವು ಮಿಠಾಯಿ ಕಾರ್ಖಾನೆಯಲ್ಲಿ ಕೆಲಸ ಮಾಡುವವರು, ಅದನ್ನು ಕಣ್ಣಿನಿಂದ ನೋಡಲೂ ಆಗುವುದಿಲ್ಲ ಎಂದರು. ವಿಚಾರಿಸಿದಾಗ ತಿಳಿಯಿತು: ಆ ಮಕ್ಕಳು ಆರು ವಾರಗಳಿಂದ ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ದುಡಿದಿದ್ದರು. ದಾನಕ್ಕೆಂದು ಚಾಚಿದ ಕೈಯಲ್ಲಿದ್ದ ವಸ್ತುವನ್ನೇ ಆ ಮಕ್ಕಳು ಮಾಡಿದ್ದರು. ದಾನದಿಂದ ಕಾನೂನಿನ ಕಡೆಗೆ ಹಲ್ ಹೌಸ್ ಹೊರಳಿದ್ದು ಇಂಥ ಅನುಭವಗಳಿಂದ.

ಆ ಹೊರಳುವಿಕೆಗೆ ಬಲ ಕೊಟ್ಟವರು ಫ್ಲಾರೆನ್ಸ್ ಕೆಲ್ಲಿ. ನೀವು ಒಂದೇ ಒಂದು ಹೆಸರು ನೆನಪಿಟ್ಟುಕೊಳ್ಳುವುದಾದರೆ ಇವರ ಹೆಸರನ್ನು ಇಟ್ಟುಕೊಳ್ಳಿ ಎನ್ನುತ್ತೇನೆ. ಸಂಸತ್ ಸದಸ್ಯರೊಬ್ಬರ ಮಗಳು. ಕಾರ್ನೆಲ್‌ನಲ್ಲಿ, ಜೂರಿಕ್‌ನಲ್ಲಿ ಓದಿದವರು. ಇಂಗ್ಲೆಂಡಿನ ಕಾರ್ಮಿಕರ ಸ್ಥಿತಿಗತಿಯ ಬಗ್ಗೆ ಮಾರ್ಕ್ಸ್‌ನ ಒಡನಾಡಿ ಎಂಗೆಲ್ಸ್ ಬರೆದ ಕೃತಿಯನ್ನು ಇಂಗ್ಲಿಷಿಗೆ ತಂದವರು. ದಾಂಪತ್ಯ ಮುರಿದು, ಮೂರು ಮಕ್ಕಳನ್ನು ಕಟ್ಟಿಕೊಂಡು 1891ರ ಕೊನೆಯ ಚಳಿಯ ದಿನಗಳಲ್ಲಿ ಹಲ್ ಹೌಸ್‌ನ ಬಾಗಿಲು ತಟ್ಟಿದರು. ನೆರೆಯ ಕೇರಿಗಳಲ್ಲಿ ಮನೆಯೇ ಕಾರ್ಖಾನೆಯಾಗಿತ್ತು. ಗುತ್ತಿಗೆದಾರ ತಂದು ಹಾಕಿದ ಕೋಟುಗಳನ್ನು ತಾಯಿ, ಮಕ್ಕಳು, ಅಜ್ಜಿ ಎಲ್ಲರೂ ಪೀಸಿಗೆ ಇಷ್ಟೆಂದು ಹೊಲಿಯುತ್ತಿದ್ದರು. ಕೆಲ್ಲಿ ಅದನ್ನು ಮನೆಯಿಂದ ಮನೆಗೆ ಹೋಗಿ ದಾಖಲಿಸಿದರು. ಶಾಸಕರನ್ನು ಕರೆತಂದು ತೋರಿಸಿದರು. 1893ರಲ್ಲಿ ಇಲಿನಾಯ್ ರಾಜ್ಯ ಕಾನೂನು ಮಾಡಿತು: ಹದಿನಾಲ್ಕು ವರ್ಷದೊಳಗಿನ ಮಕ್ಕಳು ಕಾರ್ಖಾನೆಯಲ್ಲಿ ದುಡಿಯಕೂಡದು, ಹೆಂಗಸರ ದುಡಿಮೆ ದಿನಕ್ಕೆ ಎಂಟು ಗಂಟೆ ಮೀರಕೂಡದು. ರಾಜ್ಯಪಾಲ ಆಲ್ಟ್‌ಗೆಲ್ಡ್ ಕೆಲ್ಲಿಯವರನ್ನೇ ಕಾರ್ಖಾನೆಗಳ ಮುಖ್ಯ ತನಿಖಾಧಿಕಾರಿಯಾಗಿ ನೇಮಿಸಿದರು. ಇಡೀ ರಾಜ್ಯಕ್ಕೆ ಹನ್ನೆರಡು ಮಂದಿಯ ಇಲಾಖೆ.

ಕಾನೂನು ಬಂದ ಮೇಲೆ ಏನಾಗುತ್ತದೆ ಎಂಬುದಕ್ಕೆ ಅವರ ಅನುಭವ ಕೇಳಿ. ಚಿತ್ರಪಟದ ಚೌಕಟ್ಟುಗಳಿಗೆ ಗಿಲೀಟು ಹಾಕುತ್ತಿದ್ದ ಹನ್ನೊಂದು ವರ್ಷದ ಹುಡುಗ, ವಿಷದ ದ್ರವದಲ್ಲಿ ಕೈ ಆಡಿಸಿ ಆಡಿಸಿ ಬಲಗೈ ಸ್ವಾಧೀನ ಕಳೆದುಕೊಂಡಿದ್ದ. ಕೆಲ್ಲಿ ಆ ಪುರಾವೆ ಹಿಡಿದು ಸರ್ಕಾರಿ ವಕೀಲರ ಬಳಿ ಹೋದರು. ಈ ವಾರ ಚಿಲ್ಲರೆ ಚೌಕಟ್ಟಿನವನ ಮೇಲೆ ದೂರು ತಂದಿದ್ದೀರಿ, ಮುಂದಿನ ವಾರ ಊರಿನ ದೊಡ್ಡ ವ್ಯಾಪಾರಿಯ ಮೇಲೆ ತರುವುದಿಲ್ಲವೆಂದು ಏನು ಗ್ಯಾರಂಟಿ ಎಂದು ಆತ ಮೊಕದ್ದಮೆ ಹೂಡಲು ಒಪ್ಪಲಿಲ್ಲ. ಕೆಲ್ಲಿ ಆಮೇಲೆ ಕಾನೂನು ಕಾಲೇಜಿಗೆ ಸೇರಿದರು! ಹಗಲು ತನಿಖೆ, ಸಂಜೆ ಪಾಠ, 1895ರಲ್ಲಿ ಪದವಿ. ಅದೇ ವರ್ಷ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಎಂಟು ಗಂಟೆಯ ನಿಯಮವನ್ನು ಹೊಡೆದುಹಾಕಿತು. ಎಷ್ಟು ಹೊತ್ತು ದುಡಿಯಬೇಕೆಂಬ ಕರಾರು ಮಾಡಿಕೊಳ್ಳುವ ಸ್ವಾತಂತ್ರ್ಯ ಹೆಂಗಸಿಗೂ ಇದೆ, ಅದನ್ನು ಕಸಿಯಬಾರದು ಎಂಬುದು ನ್ಯಾಯಾಲಯದ ವಾದ.

ಈ 'ಕರಾರಿನ ಸ್ವಾತಂತ್ರ್ಯ' ಎಂಬ ಮಾತನ್ನು ಚೆನ್ನಾಗಿ ಗುರುತಿಸಿಕೊಳ್ಳಿ, ಆ ಕಾಲದ ಸುಧಾರಕರೆಲ್ಲ ತಲೆ ಚಚ್ಚಿಕೊಂಡದ್ದು ಇದೇ ಗೋಡೆಗೆ. 1905ರಲ್ಲಿ ದೇಶದ ಸುಪ್ರೀಂ ಕೋರ್ಟ್ ಲಾಕ್ನರ್ ಪ್ರಕರಣದಲ್ಲಿ, ಬೇಕರಿ ಕೆಲಸಗಾರರಿಗೆ ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಅರವತ್ತು ಗಂಟೆ ಎಂಬ ನ್ಯೂಯಾರ್ಕ್‌ನ ಮಿತಿಯನ್ನು 5–4ರ ಬಹುಮತದಿಂದ ರದ್ದು ಮಾಡಿತು. ಮಾಲೀಕನೂ ಕೆಲಸಗಾರನೂ ಸರಿಸಮಾನರಾಗಿ ಕುಳಿತು ಕರಾರು ಬರೆದುಕೊಳ್ಳುತ್ತಾರೆ ಎಂಬ ಕಲ್ಪನೆ ಅದರ ಬುನಾದಿ. ಕುಲುಮೆಯಂಥ ನೆಲಮಾಳಿಗೆಯಲ್ಲಿ ಹಿಟ್ಟು ನಾದುವವನಿಗೆ ಯಾವ ಕರಾರು?

ಆ ಹೊತ್ತಿಗೆ ಕೆಲ್ಲಿ ನ್ಯೂಯಾರ್ಕ್‌ಗೆ ಬಂದು, 1899ರಿಂದ ರಾಷ್ಟ್ರೀಯ ಗ್ರಾಹಕರ ಒಕ್ಕೂಟವನ್ನು ನಡೆಸುತ್ತಿದ್ದರು. ನಿಯಮ ಪಾಲಿಸುವ ಕಾರ್ಖಾನೆಯ ಒಳ ಉಡುಪಿಗೆ ಬಿಳಿ ಚೀಟಿ ಹೊಲಿಸಿ, ಚೀಟಿ ಇದ್ದದ್ದನ್ನೇ ಕೊಳ್ಳಿ ಎಂದು ಗೃಹಿಣಿಯರಿಗೆ ಕಲಿಸಿದರು. ಆರೆಗನ್ ರಾಜ್ಯದ ಲಾಂಡ್ರಿ ಹೆಂಗಸರ ಹತ್ತು ಗಂಟೆ ಮಿತಿಯ ಕಾನೂನು ಸುಪ್ರೀಂ ಕೋರ್ಟಿಗೆ ಬಂದಾಗ, ಅವರೂ ಅವರ ಸಹಾಯಕಿ ಜೋಸೆಫೀನ್ ಗೋಲ್ಡ್‌ಮಾರ್ಕ್ ಕೂಡ ವಕೀಲ ಲೂಯಿ ಬ್ರಾಂಡೈಸ್ ಅವರನ್ನು ಒಪ್ಪಿಸಿದರು. ಗೋಲ್ಡ್‌ಮಾರ್ಕ್ ಗ್ರಂಥಾಲಯಗಳನ್ನು ಜಾಲಾಡಿ ವೈದ್ಯರ, ತನಿಖಾಧಿಕಾರಿಗಳ ವರದಿಗಳನ್ನು ಗುಡ್ಡೆ ಹಾಕಿದರು. ನೂರಕ್ಕೂ ಹೆಚ್ಚು ಪುಟಗಳ ಆ ಅಹವಾಲಿನಲ್ಲಿ ಕಾನೂನಿನ ವಾದ ಎರಡೇ ಪುಟ. ಉಳಿದದ್ದೆಲ್ಲ ದೀರ್ಘ ದುಡಿಮೆ ದೇಹವನ್ನು ಏನು ಮಾಡುತ್ತದೆ ಎಂಬ ಸಂಗತಿಗಳು. 1908ರಲ್ಲಿ ನ್ಯಾಯಾಲಯ ಒಮ್ಮತದಿಂದ ಕಾನೂನನ್ನು ಎತ್ತಿಹಿಡಿಯಿತು. ಗೆಲುವಿಗೆ ತೆತ್ತ ಬೆಲೆಯೂ ಇತ್ತು: ಹೆಂಗಸು ದುರ್ಬಲಳು, ಆದ್ದರಿಂದ ರಕ್ಷಣೆ ಎಂಬ ಮಾತು ತೀರ್ಪಿನೊಳಗೆ ಕುಳಿತಿತು. ಮುಂದೆ ಅದೇ ಮಾತನ್ನು ಹಿಡಿದು ಹೆಂಗಸರನ್ನು ಒಳ್ಳೆಯ ಸಂಬಳದ ಕೆಲಸಗಳಿಂದ ದೂರ ಇಟ್ಟರು. ಈ ಆಕ್ಷೇಪ ನ್ಯಾಯವಾದದ್ದು. ಆದರೂ 1908ರಲ್ಲಿ ಬೇರೆ ದಾರಿ ತೆರೆದಿತ್ತೆಂದು ನನಗೆ ಅನ್ನಿಸುವುದಿಲ್ಲ.

ಕೆಲ್ಲಿ ಊರೂರು ತಿರುಗಿ ಭಾಷಣ ಮಾಡುತ್ತಿದ್ದರು. 1902ರಲ್ಲಿ ಮೌಂಟ್ ಹೋಲ್ಯೋಕ್ ಎಂಬ ಮಹಿಳಾ ಕಾಲೇಜಿನಲ್ಲಿ ಮಾತನಾಡಿದಾಗ ಕೇಳುತ್ತಾ ಕುಳಿತಿದ್ದವರಲ್ಲಿ ಫ್ರಾನ್ಸೆಸ್ ಪರ್ಕಿನ್ಸ್ ಎಂಬ ವಿದ್ಯಾರ್ಥಿನಿ ಇದ್ದರು. ಬದುಕಿನಲ್ಲಿ ತಾನು ಏನು ಮಾಡಬೇಕೆಂಬುದು ಆ ಭಾಷಣದಿಂದಲೇ ತಿಳಿಯಿತೆಂದು ಪರ್ಕಿನ್ಸ್ ಮುಂದೆ ನೆನೆದರು. 1911ರ ಹೊತ್ತಿಗೆ ಅವರು ಗ್ರಾಹಕರ ಒಕ್ಕೂಟದ ನ್ಯೂಯಾರ್ಕ್ ಶಾಖೆಯ ಕಾರ್ಯದರ್ಶಿ. ಮಾರ್ಚ್ 25ರ ಸಂಜೆ ವಾಷಿಂಗ್ಟನ್ ಚೌಕದ ಬಳಿ ಗೆಳತಿಯ ಮನೆಯಲ್ಲಿ ಚಹಾಕ್ಕೆ ಕುಳಿತಿದ್ದರು. ಬೆಂಕಿಯ ಗದ್ದಲ ಕೇಳಿ, ಲಂಗ ಎತ್ತಿ ಹಿಡಿದು ಓಡಿದರು. ಹುಡುಗಿಯರು ಕಿಟಕಿಯಿಂದ ಬೀಳುವುದನ್ನು ಕಣ್ಣಾರೆ ಕಂಡರು.

ನ್ಯೂಯಾರ್ಕ್‌ನ ಆ ಬೆಂಕಿ ಬೇರೆ ಬೆಂಕಿಗಳಂತಾಗದಿರಲು ಇದು ಕಾರಣ. ಊರ ನಟ್ಟನಡುವೆ, ಸಾವಿರಾರು ಕಣ್ಣುಗಳೆದುರು ಅದು ನಡೆಯಿತು. ಸತ್ತವರು ಯಾರೆಂದು ಊರಿಗೆ ಗೊತ್ತಿತ್ತು: ಹಿಂದಿನ ಚಳಿಗಾಲದಲ್ಲಿ ಪತ್ರಿಕೆಗಳ ತುಂಬ ಇದ್ದ ಮುಷ್ಕರದ ಹುಡುಗಿಯರು. ಅವರಿಗೆ ಸಂಘವಿತ್ತು, ಗೆಳೆತನದ ಸಂಸ್ಥೆಗಳಿದ್ದವು. ಯಾವ ಕಾನೂನು ಬೇಕು, ಅದನ್ನು ನ್ಯಾಯಾಲಯದಲ್ಲಿ ಹೇಗೆ ಉಳಿಸಬೇಕು ಎಂದು ಬಲ್ಲವರು ಕೂಗಳತೆಯಲ್ಲಿದ್ದರು.

ಏಪ್ರಿಲ್ 2ರಂದು ಮೆಟ್ರೊಪಾಲಿಟನ್ ಒಪೆರಾ ಹೌಸ್‌ನಲ್ಲಿ ಶೋಕಸಭೆ. ಕೆಳಗಿನ ಆಸನಗಳಲ್ಲಿ ಶ್ರೀಮಂತರು, ಮೇಲಿನ ಗ್ಯಾಲರಿಯಲ್ಲಿ ಕಾರ್ಮಿಕರು. ಟೊಪ್ಪಿ ಹೊಲಿಯುವ ಕೆಲಸ ಮಾಡಿಕೊಂಡೇ ಸಂಘ ಕಟ್ಟಿದ್ದ ರೋಸ್ ಷ್ನೈಡರ್‌ಮನ್, ಪುಟ್ಟ ಆಳು, ಮೆಲುದನಿಯಲ್ಲಿ ಮಾತನಾಡಿದರು. ಇಲ್ಲಿ ನಿಂತು ಸ್ನೇಹದ ಮಾತಾಡಿದರೆ ಸುಟ್ಟುಹೋದ ಆ ದೇಹಗಳಿಗೆ ದ್ರೋಹ ಬಗೆದಂತೆ ಎಂದರು. ಈ ಊರಿನಲ್ಲಿ ಹುಡುಗಿಯರು ಜೀವಂತ ಸುಟ್ಟುಹೋದದ್ದು ಇದೇ ಮೊದಲಲ್ಲ, ಒಳ್ಳೆಯ ಜನರೇ, ನಿಮ್ಮನ್ನು ಪರೀಕ್ಷಿಸಿ ನೋಡಿದೆವು, ನೀವು ಸಾಲದಾದಿರಿ ಎಂದರು. ನಿಮ್ಮ ತಾಯಿಯವರು ಕೇಳಿದ ಪ್ರಶ್ನೆಯನ್ನೇ ಅವರು ಆ ಸಭೆಗೆ ಕೇಳಿದರು ಎನ್ನಬಹುದು. ಮೂರು ದಿನದ ನಂತರ, ಮಳೆಯಲ್ಲಿ, ಲಕ್ಷಕ್ಕೂ ಹೆಚ್ಚು ಜನ ಶವಯಾತ್ರೆಯಲ್ಲಿ ನಡೆದರು.

ಜೂನ್ ಕೊನೆಯಲ್ಲಿ ರಾಜ್ಯ ಸರ್ಕಾರ ಕಾರ್ಖಾನೆ ತನಿಖಾ ಆಯೋಗ ರಚಿಸಿತು. ಅಧ್ಯಕ್ಷ ರಾಬರ್ಟ್ ವ್ಯಾಗ್ನರ್, ಉಪಾಧ್ಯಕ್ಷ ಆಲ್ ಸ್ಮಿತ್. ಇಬ್ಬರೂ ಟ್ಯಾಮನಿ ಹಾಲ್ ಎಂದು ಹೆಸರಾದ, ಲಂಚ ಮತ್ತು ವಶೀಲಿಗೆ ಕುಖ್ಯಾತವಾದ ಪಕ್ಷಯಂತ್ರದ ಮಂದಿ. ಮುಷ್ಕರದ ಕಾಲದಲ್ಲಿ ಇದೇ ಯಂತ್ರದ ಪೊಲೀಸರು ಹುಡುಗಿಯರನ್ನು ಹೊಡೆದಿದ್ದರು. ಈಗ ಯಾಕೆ ಬದಲಾದರು? ವಲಸಿಗರ ಕೇರಿಗಳ ಮತಗಳು ಸಮಾಜವಾದಿಗಳ ಕಡೆಗೆ ಜಾರುತ್ತಿದ್ದವು, ಅದು ಒಂದು. ಆದರೆ ಮತದ ಲೆಕ್ಕವೊಂದನ್ನೇ ಹೇಳಿದರೆ ಸ್ಮಿತ್‌ಗೆ ಅನ್ಯಾಯವಾಗುತ್ತದೆ. ಅವರೂ ಅದೇ ಕೇರಿಯವರು, ತಂದೆ ತೀರಿಕೊಂಡ ಮೇಲೆ ಶಾಲೆ ಬಿಟ್ಟು ಮೀನು ಮಾರುಕಟ್ಟೆಯಲ್ಲಿ ದುಡಿದವರು. ಸತ್ತವರ ಮನೆಗಳಿಗೆ ತಾವೇ ಹೋಗಿ ಬಂದಿದ್ದರು.

ಪರ್ಕಿನ್ಸ್ ಈ ಆಯೋಗಕ್ಕೆ ದುಡಿದ ರೀತಿಯಲ್ಲಿ ಕೆಲ್ಲಿಯವರ ಪಾಠವಿದೆ. ವರದಿ ಓದಿ ಹೇಳುವುದಲ್ಲ, ಕರೆದೊಯ್ದು ತೋರಿಸುವುದು. ಕಾರ್ಖಾನೆಯೊಂದರಲ್ಲಿ 'ತುರ್ತು ನಿರ್ಗಮನ' ಎಂದು ಹೆಸರು ಬರೆದಿದ್ದ ಗೋಡೆಯ ಕಿಂಡಿಯಲ್ಲಿ ವ್ಯಾಗ್ನರ್ ಅವರನ್ನು ತೆವಳಿಸಿದರು. ಅದರಾಚೆ ಮಂಜುಗಟ್ಟಿದ ಕಬ್ಬಿಣದ ಏಣಿ, ನೆಲಕ್ಕೆ ಹನ್ನೆರಡು ಅಡಿ ಇರುವಾಗಲೇ ಮುಗಿದುಹೋಗಿತ್ತು. ಬೆಳಗಿನ ಜಾವ ಎಬ್ಬಿಸಿ, ಮುನ್ಸೂಚನೆ ಕೊಡದೆ, ಡಬ್ಬಿ ಆಹಾರದ ಕಾರ್ಖಾನೆಗೆ ಕರೆದೊಯ್ದರು. ಅಲ್ಲಿ ಐದು, ಆರು, ಏಳು ವರ್ಷದ ಮಕ್ಕಳು ಹುರುಳಿಕಾಯಿಯ ತೊಟ್ಟು ಮುರಿಯುತ್ತಾ, ಬಟಾಣಿ ಬಿಡಿಸುತ್ತಾ ಕುಳಿತಿದ್ದರು. ಹಗ್ಗದ ಕಾರ್ಖಾನೆಯ ಬಾಗಿಲಲ್ಲಿ ನಿಲ್ಲಿಸಿ, ರಾತ್ರಿಪಾಳಿ ಮುಗಿಸಿ ಹೊರಬರುವ ನೂರಾರು ಹೆಂಗಸರ ಮುಖಗಳನ್ನು ತೋರಿಸಿದರು.

ಹೆಂಗಸರಿಗೆ ವಾರಕ್ಕೆ 54 ಗಂಟೆಯ ಮಿತಿ ಹಾಕುವ ಮಸೂದೆಯ ಕಥೆಯನ್ನೂ ಹೇಳಬೇಕು. 1912ರ ಅಧಿವೇಶನದ ಕೊನೆಯ ಗಳಿಗೆ. ಡಬ್ಬಿ ಆಹಾರದ ಕಾರ್ಖಾನೆಗಳನ್ನು ಹೊರಗಿಟ್ಟರೆ ಮಾತ್ರ ಮಸೂದೆಗೆ ಉಸಿರು, ಇಲ್ಲದಿದ್ದರೆ ಅದು ಅಲ್ಲಿಗೇ ಬಿದ್ದುಹೋಗುತ್ತದೆ. ಹಾಗೆ ಹೊರಗಿಡಲು ಒಪ್ಪಬೇಡಿ ಎಂಬುದು ಕೆಲ್ಲಿಯವರ ನಿಲುವಾಗಿತ್ತು. ಪರ್ಕಿನ್ಸ್ ತಮ್ಮ ಹೊಣೆಯ ಮೇಲೆ ಒಪ್ಪಿದರು. ಮತ ಸಾಲದಾಯಿತು. ಟ್ಯಾಮನಿಯ 'ಬಿಗ್ ಟಿಮ್' ಸಲಿವನ್ ಆಗಲೇ ರಾಜ್ಯದ ರಾಜಧಾನಿ ಆಲ್ಬನಿಯಿಂದ ಊರಿಗೆ ಹೊರಡುವ ಹಡಗು ಹತ್ತಿದ್ದರು. ಫೋನ್ ಮಾಡಿ ಕರೆಸಿದರೆ ಅವರೂ ಅವರ ದಾಯಾದಿಯೂ ಗುಡ್ಡ ಹತ್ತಿ ಓಡಿಬಂದು ಏದುಸಿರಿನಲ್ಲೇ ಮತ ಹಾಕಿದರು. ಮಸೂದೆ ಗೆದ್ದಿತು. ಕೆಲ್ಲಿ ಬೈಯುತ್ತಾರೆಂದು ಹೆದರಿಕೊಂಡೇ ಹೋದ ಪರ್ಕಿನ್ಸ್ ಅವರನ್ನು ಕೆಲ್ಲಿ ಅಪ್ಪಿಕೊಂಡರು.

ಮುಂದಿನ ಎರಡು ಮೂರು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಕಾನೂನುಗಳು ಬಂದವು. ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕಕೂಡದು, ಬಾಗಿಲು ಹೊರಮುಖವಾಗಿ ತೆರೆಯಬೇಕು, ಎತ್ತರದ ಕಟ್ಟಡಗಳಲ್ಲಿ ತಾನಾಗಿ ನೀರು ಚಿಮ್ಮುವ ವ್ಯವಸ್ಥೆ ಇರಬೇಕು, ಬೆಂಕಿ ಕವಾಯತು ನಡೆಸಬೇಕು, ಚಿಂದಿಯನ್ನು ಗುಡ್ಡೆ ಬಿಡಕೂಡದು. ಕಾರ್ಮಿಕ ಇಲಾಖೆಯನ್ನೇ ಹೊಸದಾಗಿ ಕಟ್ಟಿದರು. ಈ ಕೊನೆಯದು ಎಲ್ಲಕ್ಕಿಂತ ಮುಖ್ಯ ಎನ್ನುವುದು ನನ್ನ ಅಭಿಪ್ರಾಯ, ಯಾಕೆಂದರೆ ಕೇಳಿ: 1911ರ ಡಿಸೆಂಬರ್‌ನಲ್ಲಿ ಬ್ಲ್ಯಾಂಕ್ ಮತ್ತು ಹ್ಯಾರಿಸ್ ಖುಲಾಸೆಯಾದರು. ಬೆಂದ ಬಾಗಿಲಿನ ಬೀಗವನ್ನೇ ನ್ಯಾಯಾಲಯಕ್ಕೆ ತಂದು ಇಟ್ಟಿದ್ದರು. ಆದರೆ ಆ ಗಳಿಗೆಯಲ್ಲಿ ಬೀಗ ಹಾಕಿತ್ತೆಂಬುದು ಮಾಲೀಕರಿಗೆ ಗೊತ್ತಿತ್ತೇ ಎಂಬ ಪ್ರಶ್ನೆಯ ಮೇಲೆ ಅವರು ಪಾರಾದರು. ಬದುಕುಳಿದ ಹುಡುಗಿಯೊಬ್ಬಳಿಂದ ಅವಳು ಕಂಡದ್ದನ್ನು ಮತ್ತೆ ಮತ್ತೆ ಹೇಳಿಸಿ, ಪದಗಳು ಹೆಚ್ಚುಕಡಿಮೆ ಅವೇ ಇರುವುದರಿಂದ ಇದು ಉರು ಹೊಡೆದ ಪಾಠ ಎಂದು ಅವರ ವಕೀಲ ಸೂಚಿಸಿದರು. ವಿಮೆಯಿಂದ ಮಾಲೀಕರಿಗೆ ದಾಖಲಾದ ನಷ್ಟಕ್ಕಿಂತ ಹೆಚ್ಚು ಹಣ ಬಂತು. ಮೊಕದ್ದಮೆ ಹೂಡಿದ ಕುಟುಂಬಗಳಿಗೆ 1914ರಲ್ಲಿ ಸಿಕ್ಕಿದ್ದು ಸತ್ತವರೊಬ್ಬರಿಗೆ 75 ಡಾಲರ್. 1913ರಲ್ಲಿ ಅದೇ ಬ್ಲ್ಯಾಂಕ್ ತನ್ನ ಕಾರ್ಖಾನೆಯಲ್ಲಿ ಮತ್ತೆ ಬಾಗಿಲಿಗೆ ಬೀಗ ಹಾಕಿಸಿ ಸಿಕ್ಕಿಬಿದ್ದ. ದಂಡ 20 ಡಾಲರ್. 146 ಹೆಣಗಳನ್ನು ಕಂಡವನೂ ಬಾಗಿಲಿಗೆ ಬೀಗ ಹಾಕಿಸಿದ. ಅದನ್ನು ಹಿಡಿದದ್ದು ಹೊಸ ಕಾನೂನು ಕೈಯಲ್ಲಿದ್ದ ತನಿಖಾಧಿಕಾರಿ.

ದುರಂತವಿಲ್ಲದೆ ಸುಧಾರಣೆ ಬರುತ್ತಿತ್ತೇ ಎಂದು ಕೇಳಿದ್ದೀರಿ. ಬರುತ್ತಿತ್ತು, ಬಹಳ ತಡವಾಗಿ. ಅದಕ್ಕೆ ಬಾಲಕಾರ್ಮಿಕರ ಚರಿತ್ರೆಯೇ ಸಾಕ್ಷಿ. 1900ರ ಜನಗಣತಿಯಲ್ಲಿ ಹತ್ತರಿಂದ ಹದಿನೈದು ವರ್ಷದ ಸುಮಾರು 17.5 ಲಕ್ಷ ಮಕ್ಕಳು ದುಡಿಯುತ್ತಿದ್ದರು. ಅಲ್ಲಿ ಒಂದೇ ದಿನ ಊರನ್ನು ನಡುಗಿಸುವ ಬೆಂಕಿ ಇರಲಿಲ್ಲ. ಲೂಯಿಸ್ ಹೈನ್ ಎಂಬ ಛಾಯಾಗ್ರಾಹಕ 1908ರಿಂದ ಗಿರಣಿ, ಗಣಿಗಳಿಗೆ ವೇಷ ಮರೆಸಿ ನುಗ್ಗಿ ಚಿತ್ರ ತೆಗೆದರು. ಮಗುವಿನ ಎತ್ತರವನ್ನು ತನ್ನ ಅಂಗಿಯ ಗುಂಡಿಗಳ ಲೆಕ್ಕದಲ್ಲಿ ಅಳೆದು, ಜೇಬಿನೊಳಗೇ ಕೈಯಿಟ್ಟು ಗುಟ್ಟಾಗಿ ಬರೆದುಕೊಳ್ಳುತ್ತಿದ್ದರು. 1916ರಲ್ಲಿ ಬಂದ ರಾಷ್ಟ್ರೀಯ ಕಾನೂನನ್ನು ಸುಪ್ರೀಂ ಕೋರ್ಟ್ 1918ರಲ್ಲಿ ಹೊಡೆದುಹಾಕಿತು. ತೆರಿಗೆಯ ರೂಪದಲ್ಲಿ ಮತ್ತೆ ತಂದದ್ದನ್ನು 1922ರಲ್ಲಿ ಹೊಡೆದುಹಾಕಿತು. ನಿಲ್ಲುವಂಥ ಕಾನೂನು ಬಂದದ್ದು 1938ರಲ್ಲಿ. ಅದರ ಹಿಂದೆ ಇದ್ದವರು ಅಷ್ಟರಲ್ಲಿ ಅಮೆರಿಕದ ಕಾರ್ಮಿಕ ಮಂತ್ರಿಯಾಗಿದ್ದ, ಆ ದೇಶದ ಸಂಪುಟ ಸೇರಿದ ಮೊದಲ ಮಹಿಳೆ, ಫ್ರಾನ್ಸೆಸ್ ಪರ್ಕಿನ್ಸ್. ಕೆಲ್ಲಿ ಅದನ್ನು ನೋಡಲಿಲ್ಲ, 1932ರಲ್ಲೇ ತೀರಿಕೊಂಡಿದ್ದರು. ಆ ಕಾನೂನಿನಲ್ಲೂ ದೊಡ್ಡ ಕಿಂಡಿ ಇತ್ತು: ಕನಿಷ್ಠ ವೇತನ, ಕೆಲಸದ ಗಂಟೆಯ ನಿಯಮಗಳಿಂದ ಹೊಲದ ಕೂಲಿಗಳನ್ನು, ಮನೆಗೆಲಸದವರನ್ನು ಹೊರಗಿಟ್ಟರು. ದಕ್ಷಿಣದ ರಾಜ್ಯಗಳಲ್ಲಿ ಆ ಕೆಲಸಗಳಲ್ಲಿದ್ದವರು ಬಹುಪಾಲು ಕಪ್ಪು ಜನ. ಸುಧಾರಣೆಯ ಕಥೆಯನ್ನು ಹೇಳುವಾಗ ಈ ಭಾಗವನ್ನು ನುಂಗಬಾರದು.

ಕಾರ್ಮಿಕರೋ ಅನುಕೂಲಸ್ಥರೋ ಎಂಬುದಕ್ಕೆ ಉತ್ತರ ನಿಮಗೆ ಈಗಾಗಲೇ ಸಿಕ್ಕಿರಬಹುದು. ಪರೀಕ್ಷೆಯಲ್ಲಿ ಬರೆಯುವಾಗ 1911ಕ್ಕೆ ಮೊದಲು 1893 ಮತ್ತು 1909ನ್ನು ಬರೆಯಿರಿ, ಅವೆರಡಿಲ್ಲದೆ 1911ರ ನಂತರದ ಕಾನೂನುಗಳನ್ನು ವಿವರಿಸಲು ಆಗುವುದಿಲ್ಲ. ಕೆಲ್ಲಿ, ಪರ್ಕಿನ್ಸ್ ಅಂಥವರು ಕಾನೂನಿನ ಭಾಷೆ ಬಲ್ಲವರಾಗಿದ್ದರು. ಬಾಗಿಲು ಎಲ್ಲಿದೆ, ಕೀಲಿ ಯಾರ ಬಳಿ ಇದೆ ಎಂದು ಬಲ್ಲವರು ಯಂತ್ರದ ಮುಂದೆ ಕುಳಿತವರೇ.

ನಿಮ್ಮ ತಾಯಿಯವರಿಗೆ ಕ್ಲಾರಾ ಲೆಮ್ಲಿಕ್ ಕಥೆಯನ್ನು ಬಿಡದೆ ಹೇಳಿ. ಮುಷ್ಕರದ ನಂತರ ಯಾವ ಕಾರ್ಖಾನೆಯೂ ಆಕೆಗೆ ಕೆಲಸ ಕೊಡಲಿಲ್ಲ. ಮದುವೆಯಾಯಿತು, ಮಕ್ಕಳಾದವು, ಬಾಡಿಗೆ ಹೆಚ್ಚಳದ ವಿರುದ್ಧ, ಮಾಂಸದ ಬೆಲೆಯ ವಿರುದ್ಧ ಕೇರಿಯ ಗೃಹಿಣಿಯರನ್ನು ಸಂಘಟಿಸಿದರು. ಕೊನೆಗಾಲದಲ್ಲಿ ಲಾಸ್ ಏಂಜಲೀಸ್‌ನ ವೃದ್ಧಾಶ್ರಮವೊಂದನ್ನು ಸೇರಿದರು. ಅಲ್ಲಿ ಮುದುಕರ ಹಾಸಿಗೆ ಬದಲಿಸುವ, ಮೈ ಒರೆಸುವ ಕೆಲಸಗಾರರಿಗೆ ಸಂಘವಿರಲಿಲ್ಲ. ಎಂಬತ್ತು ದಾಟಿದ ಕ್ಲಾರಾ ಆ ಕೆಲಸಗಾರರನ್ನು ಕೂರಿಸಿಕೊಂಡು, ಸಂಘ ಕಟ್ಟುವುದು ಹೇಗೆಂದು ಹೇಳಿಕೊಟ್ಟರು.